ಕಂಡಕ್ಟರ್ ಕಾಕಾರ ಸೋಮವಾರಗಳು

ಅವರನ್ನು ಮಣ್ಣು ಮಾಡಲು ಹೋದವರು ಅತ್ತದ್ದಕ್ಕಿಂತ ನಕ್ಕದ್ದೇ ಹೆಚ್ಚು. ಇದನ್ನು ಕೇಳಿ ಯಾರೂ ತಪ್ಪು ತಿಳಿಯಬಾರದು. ಕುಣಿಗೆ ಮಣ್ಣು ಎಳೆಯುವಾಗ ನಮ್ಮ ಓಣಿಯ ಹಿರಿಯರೊಬ್ಬರು, "ಚಲೋತ್ನಾಗ ತುಳೀರ್ಯೋ, ಸಡ್ಲ ಬಿಟ್ರ ಎದ್ದ ಬಂದು ಮತ್ತೊಮ್ಮೆ ತುಳಸ್ತಾನ," ಎಂದುಬಿಟ್ಟರು. ಅಲ್ಲಿ ನಿಂತಿದ್ದ ನಾವೆಲ್ಲ ಒಂದಲ್ಲ ಒಂದು ಸಲ ಅವರ ಕೈಕೆಳಗೆ ಮಣ್ಣು ಹೊತ್ತವರು, ತುಳಿದವರು, ಬೈಸಿಕೊಂಡವರು. ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ನಾನು ಕಣ್ಣೊರೆಸಿಕೊಳ್ಳುತ್ತಲೇ ನಕ್ಕೆ. ಅಂಥ ಮನುಷ್ಯನನ್ನು ಬರೀ ಅಳುತ್ತ ಕಳಿಸಿದ್ದರೆ ಅನ್ಯಾಯವಾಗುತ್ತಿತ್ತು.

ಅವರಿಗೊಂದು ಹೆಸರಿತ್ತು, ಆದರೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ. ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು, ಹೀಗಾಗಿ ಸಣ್ಣವರು ದೊಡ್ಡವರೆನ್ನದೆ ಎಲ್ಲರಿಗೂ ಕಂಡಕ್ಟರ್ ಕಾಕಾ. ಕುಳ್ಳ ಮೈಕಟ್ಟು, ಕಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲು. ಸವದತ್ತಿ, ರಾಮದುರ್ಗದ ದಾರಿಯಲ್ಲಿ ವರ್ಷಾನುಗಟ್ಟಲೆ ಓಡಾಡಿದ ಅವರಿಗೆ ಊರುಗಳು ನೆನಪಿದ್ದದ್ದು ಮನೆಗಳ ಮಾಳಿಗೆಗಳಿಂದ, ಅಂದರೆ ಮಣ್ಣಿನ ಚಾವಣಿಗಳಿಂದ. ಬಸ್ಸು ಯಾವುದೋ ಹಳ್ಳಿ ದಾಟುವಾಗ ಕಿಟಕಿಯಿಂದ ನೋಡಿ, "ಆ ಮೂಲಿ ಮನಿ ಈ ಮಳಿಗಾಲ ದಾಟೂದಿಲ್ಲ ನೋಡ್ರಿ," ಎಂದು ಪಕ್ಕದವರಿಗೆ ಹೇಳುವರು. ಟಿಕೇಟು ಹರಿಯುತ್ತ, "ಎಲ್ಲಿಗ್ರಿ? ಮುನವಳ್ಳಿಗಾ? ಮಾಳಗಿಗೆ ಮಣ್ಣ ಹಾಕಿಸೀರೇನ್ರಿ?" ಎಂದು ಕೇಳುವರು. ಹೊಸಬರೊಬ್ಬರು ಇವರನ್ನು ಮಣ್ಣಿನ ವ್ಯಾಪಾರಿಯೆಂದೇ ತಿಳಿದು, ಗಾಡಿಗೆ ಏನು ದರವೆಂದು ವಿಚಾರಿಸಿದ್ದರಂತೆ. ಕಿತ್ತೂರಿನಲ್ಲಿ ಬೀಗರ ಮನೆಯ ಮದುವೆಗೆ ಹೋಗಿ, ಅಕ್ಷತೆಯ ಹೊತ್ತಿಗೆ ಕಾಣದಾದಾಗ ಹುಡುಕಿದರೆ ಕಾಕಾ ಜರಿಯಂಚಿನ ಧೋತರ ಎತ್ತಿ ಕಟ್ಟಿ ಬೀಗರ ಮಾಳಿಗೆಯ ಮೇಲೆ ಬಿರುಕು ನೋಡುತ್ತ ನಿಂತಿದ್ದರು.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮಾತು. ಆಗ ನಮ್ಮ ಓಣಿಯಲ್ಲಿ ಸ್ಲ್ಯಾಬಿನ ಮನೆ ಎರಡೋ ಮೂರೋ ಇದ್ದವು. ಉಳಿದವೆಲ್ಲ ಮಣ್ಣಿನ ಮಾಳಿಗೆಗಳು. ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮೊಳ ದಪ್ಪ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು, ಅಂದರೆ ಹುಲ್ಲು ಕೂಡ ಹುಟ್ಟದ ಸವಳು ಮಣ್ಣು ತಂದು ಹರವಿ, ನೀರು ಚಿಮುಕಿಸಿ, ತುಳಿದು, ಬಡಿದು ಗಟ್ಟಿ ಮಾಡಬೇಕು. ಒಂದು ಮನೆಯವರು ಮಾಡಿ ಮುಗಿಸುವ ಕೆಲಸವಲ್ಲ ಅದು. ಕಾಕಾ ಇದಕ್ಕೊಂದು ಪದ್ಧತಿ ಹಾಕಿಕೊಟ್ಟಿದ್ದರು. ಬೇಸಗೆಯ ಒಂದೊಂದು ಸೋಮವಾರ ಒಂದೊಂದು ಮನೆಯ ಪಾಳಿ, ಆ ಮನೆಗೆ ಓಣಿಯೆಲ್ಲ ಹೋಗುವುದು. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ, ಒಕ್ಕಲುತನದವರು ಖಾಲಿ ಇರುತ್ತಾರೆ. ಕಾಕಾ ಡಿಪೋದಲ್ಲಿ ಗೋಗರೆದು ತಮ್ಮ ವಾರದ ರಜೆಯನ್ನೂ ಅಂದೇ ಹಾಕಿಸಿಕೊಂಡಿದ್ದರು.

ಅವರ ಕಾಯಿದೆ ಎರಡೇ. ಮೊದಲ ಬುಟ್ಟಿ ಮನೆಯ ಯಜಮಾನನೇ ಹೊರಬೇಕು. "ಟಿಕೇಟ್ ತಗೊಳ್ದ ಬಸ್ ನಡ್ಯಾಂಗಿಲ್ಲ," ಎನ್ನುವರು. ಬಂದವರು ದುಡಿಯುತ್ತಿದ್ದಾರೆಂದು ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ ಯಜಮಾನನೊಬ್ಬನ ಮನೆಯ ಕೆಲಸವನ್ನು ಸೀಟಿ ಊದಿ ಅರ್ಧಕ್ಕೇ ನಿಲ್ಲಿಸಿದ್ದರು. ಬೀಡಿ ಆರಿದ ಮೇಲೆಯೇ ಮತ್ತೆ "ರೈಟ್". ಎರಡನೆಯದು ದುಡಿಯಲು ಹೋದವರಿಗೆ. ಮಾಳಿಗೆಯ ಬೆಳಕಿಂಡಿಯಿಂದ ಕೆಳಗಿನ ಮನೆ, ಅಡಿಗೆ, ಕಾಳಿನ ಚೀಲ ಎಲ್ಲ ಕಾಣುತ್ತವೆ. ಕಂಡದ್ದನ್ನು ಏಣಿ ಇಳಿಸಬಾರದು. ಒಮ್ಮೆ ಒಬ್ಬಾತ ಬೆಳಕಿಂಡಿಯಲ್ಲಿ ಬಗ್ಗಿ, "ಇವರ ಮನ್ಯಾಗ ಜೋಳದ ಚೀಲ ಬರೇ ಒಂದ ಐತಲೋ," ಎಂದು ನಕ್ಕ. ಕಾಕಾ ಅವನ ಕೈಯ ಸಲಿಕೆ ಇಸಿದುಕೊಂಡು, "ಮೂರ ಸೋಮವಾರ ನಿನಗ ಸಸ್ಪೆಂಡ್," ಎಂದರು. ಪುಕ್ಕಟೆ ದುಡಿಮೆಯಿಂದ ಸಸ್ಪೆಂಡ್ ಆದದ್ದಕ್ಕೆ ಆತ ಖುಷಿಪಡಬೇಕಿತ್ತು. ಮೋರೆ ಸಣ್ಣಗೆ ಮಾಡಿಕೊಂಡು ಮೂರನೆಯ ವಾರಕ್ಕೆ ಬಂದು ಕೈಮುಗಿದ.

ಊಟದ ವಿಷಯಕ್ಕೆ ಮಾತ್ರ ಕಾಕಾ ಕಾಯಿದೆ ಮಾಡುವುದನ್ನು ಮರೆತಿದ್ದರು. ಆ ಮರೆವು ನಮ್ಮ ಮನೆಯಿಂದ ಬಯಲಿಗೆ ಬಂತು.

ನಾನಾಗ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಹೊಲವಿಲ್ಲ, ಎತ್ತಿಲ್ಲ, ಇಸ್ತ್ರಿ ಪ್ಯಾಂಟು ಮಾತ್ರ ಇತ್ತು. ಕಾಕಾ ನನ್ನನ್ನು ಸಾಹೇಬ್ರ ಎಂದು ಕರೆಯುತ್ತಿದ್ದದ್ದು ಗೌರವಕ್ಕೆ ಅಂದುಕೊಂಡಿದ್ದೆ. ನಮ್ಮ ಪಾಳಿ ಬಂದ ಸೋಮವಾರ ರಜೆ ಹಾಕಿ, ಬೆಳಿಗ್ಗೆ ಮಣ್ಣಿನ ಗಾಡಿಯ ದಾರಿ ಕಾಯುತ್ತ ಬಾಗಿಲಲ್ಲಿ ನಿಂತೆ. ಮಂದಿ ಬಂದರು, ಸಲಿಕೆ ಬಂದವು, ಮಣ್ಣು ಬರಲಿಲ್ಲ. ಉಳಿದವರೆಲ್ಲ ರವಿವಾರ ಸಂಜೆಯೇ ಮಣ್ಣು ತರಿಸಿ ಬಾಗಿಲಿಗೆ ಸುರಿಸಿಕೊಳ್ಳುತ್ತಿದ್ದರು. ಸೋಮವಾರ ಎತ್ತು ಹೂಡುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅದಕ್ಕೂ ನನ್ನ ಮಣ್ಣಿಗೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ.

"ಸಾಹೇಬ್ರ, ಮಣ್ಣಿಗೆ ನೋಟೀಸ್ ಕೊಟ್ಟಿದ್ರೇನು, ತಾನ ನಡಕೊಂತ ಬಂದು ಹಾಜರಾಗಾಕ?" ಎಂದರು ಕಾಕಾ. ಎಲ್ಲರೂ ನಕ್ಕರು. ನಾನು ಮುಂದಿನ ವಾರ ನೋಡೋಣವೆಂದೆ. ಹಿಂದಿನ ದಿನವೇ ಮೋಡ ಕಟ್ಟಿತ್ತು. ಕಾಕಾ ಆಕಾಶ ನೋಡಿದರು, ಒಳಗೆ ಕೆಮ್ಮುತ್ತಿದ್ದ ನಮ್ಮವ್ವನ ಕಡೆ ನೋಡಿದರು. ಆಮೇಲೆ ಮೂಲೆಮನೆಯ ಗಾಡಿ ಎಳೆದು ತಂದು, ನೊಗಕ್ಕೆ ತಾವೇ ಹೆಗಲು ಕೊಟ್ಟು, "ಎತ್ತಿಗೆ ರಜಾ ಐತಿ, ನಮಗ ಎಲ್ಲೈತಿ? ಬರ್ರಿ ಸಾಹೇಬ್ರ, ಬಲಗಡಿ ಎತ್ತ ನೀವು," ಎಂದರು. ಮೈಲಿಯಾಚೆಯ ಸವಳು ನೆಲದಿಂದ ಅಂದು ಮೂರು ಗಾಡಿ ಮಣ್ಣು ನಾವೇ ಎಳೆದು ತಂದೆವು. ದಾರಿಯುದ್ದಕ್ಕೂ ಕಾಕಾ ಸ್ಟಾಪು ಸ್ಟಾಪಿಗೆ ಸೀಟಿ ಊದಿದರು. ನನ್ನ ತಲೆಯ ಮೇಲೆ ಮೊದಲ ಬುಟ್ಟಿ ಇಡುವಾಗ, "ಇದು ಫೈಲ್ ಅಲ್ರಿ, ನಡುವ ಎಲ್ಲೆರೆ ಇಟ್ಟ ಮರತೀರಿ," ಎಂದದ್ದು ಇನ್ನೂ ಕಿವಿಯಲ್ಲಿದೆ.

ಓಣಿಯ ಗಂಡಸರು ಎತ್ತಿನ ಹಾಗೆ ಗಾಡಿ ಎಳೆದದ್ದನ್ನು ನೋಡಿ ನಮ್ಮವ್ವ ಅತ್ತೇಬಿಟ್ಟಳು. ಇಂಥವರಿಗೆ ಬರೀ ರೊಟ್ಟಿ ಹಾಕುವುದು ಹೇಗೆಂದು ಹೋಳಿಗೆ ಮಾಡಿದಳು, ಮೇಲೆ ತುಪ್ಪ. ಕಾಕಾ ಐದು ಹೋಳಿಗೆ ತಿಂದು, "ಇನ್ನೊಂದ ಹಾಕ್ರಿ ಅವ್ವಾರ," ಎಂದರು. ಅಲ್ಲಿಯವರೆಗೆ ರೊಟ್ಟಿ, ಝುಣಕದಲ್ಲಿ ಮುಗಿಯುತ್ತಿದ್ದ ಮಾಳಿಗೆ ಊಟ ಅಂದಿನಿಂದ ಕೆಟ್ಟಿತು. ಮುಂದಿನ ವಾರದ ಮನೆ ಅಡತಿ ಅಂಗಡಿಯವರದು, ಕಾಳುಕಡಿಯ ದಲಾಲಿ ವ್ಯಾಪಾರದ ಉಳ್ಳವರು. ಗುಮಾಸ್ತನ ಮನೆಯಲ್ಲಿ ಹೋಳಿಗೆಯಾದರೆ ಅಡತಿಯವರು ಸುಮ್ಮನಿರುವರೆ? ಹೋಳಿಗೆಯ ಜೊತೆಗೆ ಮಿರ್ಚಿ ಭಜಿ, ಎಲೆಯಡಿಕೆ. ಅದರ ಮುಂದಿನ ಮನೆಯವರು ಶಿರಾ ಸೇರಿಸಿದರು. ನಾವು ತಿಂದೆವು, ತೇಗಿದೆವು, ಒಬ್ಬರಿಗೂ ಏನೂ ಹೊಳೆಯಲಿಲ್ಲ.

ನಾಲ್ಕನೆಯ ಪಾಳಿ ಕೌದಿ ಹೊಲಿಯುವ ಅಕ್ಕನದು. ಆಕೆಯ ಗಂಡ ಗೋವಾದಲ್ಲಿ ದುಡಿಯುತ್ತಿದ್ದ, ವರ್ಷಕ್ಕೆರಡು ಸಲ ಬಂದು ಹೋಗುವನು. ಎರಡು ಹೆಣ್ಣುಮಕ್ಕಳನ್ನು ಇಟ್ಟುಕೊಂಡು, ಊರವರು ತಂದುಕೊಟ್ಟ ಹಳೆಯ ಸೀರೆಗಳನ್ನು ಪದರು ಮಾಡಿ ಕೌದಿ ಹೊಲಿದು ಆಕೆ ಸಂಸಾರ ನಡೆಸುತ್ತಿದ್ದಳು. ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಆ ವಾರ ಅಡ್ಡಮಳೆಯೊಂದು ರಪರಪನೆ ಬಿದ್ದು ಹೋಯಿತು. ಮಳೆ ನಿಂತ ಮೇಲೆ ಕಾಕಾ ಮತ್ತು ನಾನು ಆಕೆಯ ಮನೆಗೆ ಹೋದಾಗ ಕಟ್ಟೆಯ ತುಂಬ ಮಂದಿಯ ಸೀರೆಗಳು ಹರವಿದ್ದವು. ಯಾವುದೋ ಬಾಣಂತಿಯ ಕೂಸಿಗೆಂದು ಅರ್ಧ ಹೊಲಿದ ಕೌದಿಯೊಂದರಿಂದ ನೀರು ಇಳಿಯುತ್ತಿತ್ತು.

"ತಂಗೆವ್ವಾ, ಸೋಮವಾರ ನಿನ್ನ ಪಾಳಿ," ಎಂದರು ಕಾಕಾ.

"ನಮ್ಮ ಮಾಳಗಿ ಸೋರೂದಿಲ್ರಿ ಕಾಕಾ."

ಒಳಗೆ ತಪೇಲಿಗೆ ಟಪ್ ಟಪ್ ಎಂದು ಹನಿ ಬೀಳುತ್ತಿತ್ತು.

"ಅದೇನವ್ವಾ ಸಪ್ಪಳ?"

"ಹುಡುಗೂರು ಆಡಾಕತ್ತಾವ್ರಿ."

ಹುಡುಗಿಯರಿಬ್ಬರೂ ಆಕೆಯ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದರು. ನನಗೆ ನಗು ಬಂತು, ಆಕೆಯ ಮುಖ ನೋಡಿ ನುಂಗಿಕೊಂಡೆ. ಕಾಕಾ ಹೊರಡಲಿಲ್ಲ. ಕಡೆಗೆ ಆಕೆಯೇ ಬಾಯಿಬಿಟ್ಟಳು. "ಸಾಹೇಬ್ರ ಮನ್ಯಾಗ ಹೋಳಿಗಿ ಆತು, ಅಡತಿಯವರ ಮನ್ಯಾಗ ಭಜಿನೂ ಆತು. ನನ್ನ ಮನ್ಯಾಗ ಹದಿನೈದ ಮಂದಿ ಸಾಲ್ಹಿಡದ ಕುಂತ್ರ ನಾ ಏನ ಬಡಸ್ಲಿ ಕಾಕಾ?"

"ಏನೂ ಬ್ಯಾಡ. ಎಲ್ಲಾರೂ ಬುತ್ತಿ ಕಟಗೊಂಡ ಬರ್ತೇವು."

"ನನ್ನ ಮನಿಗೆ ದುಡ್ಯಾಕ ಬಂದವರು ತಮ್ಮ ಬುತ್ತಿ ತಾವ ಬಿಚ್ಚಿ ತಿಂದ ಹೋದ್ರ, ನಾ ಓಣ್ಯಾಗ ಹೆಂಗ ತಿರಗ್ಯಾಡಲಿ? ಸೋರಿದ್ರ ಸೋರವಲ್ದ್ಯಾಕ."

ನಾನು ಜಾಣನ ಹಾಗೆ ನಡುವೆ ಬಾಯಿ ಹಾಕಿದೆ. "ಯಕ್ಕಾ, ಅವತ್ತಿನ ಅಡಗಿ ನಮ್ಮವ್ವ ಮಾಡಿ ಕಳಸ್ತಾಳ್ರಿ."

ಆಕೆ ನನ್ನನ್ನು ನೋಡಿದ ನೋಟಕ್ಕೆ ಇಸ್ತ್ರಿ ಪ್ಯಾಂಟೂ ಮುದುಡಿರಬೇಕು. "ಹೋಳಿಗಿ ಸುರು ಮಾಡಿದವರ ನೀವು. ಇನ್ನ ಇದೊಂದ ಬಾಕಿ ಇತ್ತು ನೋಡ್ರಿ ಸಾಹೇಬ್ರ," ಎಂದು ಒದ್ದೆ ಕೌದಿ ಹಿಂಡತೊಡಗಿದಳು.

ದಾರಿಯಲ್ಲಿ ನಾನು ನಮ್ಮವ್ವನ ಪರವಾಗಿ ಏನೋ ಹೇಳಹೋದೆ. ಕಾಕಾ ಕೈ ಅಡ್ಡ ಮಾಡಿದರು. "ನಿಮ್ಮವ್ವಂದೇನ ತಪ್ಪಿಲ್ಲ. ಇನ್ನೊಂದ ಹಾಕ್ರಿ ಅಂದಾಂವ ನಾನು." ಮಾಳಿಗೆ ಊಟದ್ದು ಬೀಗರ ಉಡುಗೊರೆಯ ಲೆಕ್ಕ, ಹಿಂದಿನ ಮನೆ ಮಾಡಿದ್ದಕ್ಕಿಂತ ಮುಂದಿನ ಮನೆ ಕಡಿಮೆ ಮಾಡುವಂತಿಲ್ಲ. ಹಾಗಾದರೆ ಆಕೆಗಿಂತ ಮೊದಲು ಯಾರಾದರೂ ಒಬ್ಬರು ಸಾದಾ ಊಟ ಹಾಕಿಬಿಟ್ಟರೆ ತಂಟೆ ಮುಗಿಯಿತಲ್ಲ? ಕಾಕಾ ಮೂರು ಮನೆಗೆ ಹೋಗಿ ಕೇಳಿಕೊಂಡರು. ಮೂರೂ ಕಡೆ ಒಂದೇ ಉತ್ತರ. "ಅಡತಿಯವರ ಮನ್ಯಾಗ ಹಂಗಾಗಿ ನಮ್ಮ ಮನ್ಯಾಗ ಹಿಂಗಂದ್ರ ಮಂದಿ ಏನಂದಾರ್ರಿ?" ಹೋಳಿಗೆ ಹಾಕಲು ಎಲ್ಲರೂ ತಯಾರಿದ್ದರು, ಜಿಪುಣನೆನಿಸಿಕೊಳ್ಳಲು ಒಬ್ಬರೂ ಇರಲಿಲ್ಲ.

ಕಾಕಾ ಮೂರನೆಯ ದಿನ ಓಣಿಗೆ ಸಾರಿದರು. "ಸೋಮವಾರ ನಮ್ಮ ಮನಿ."

ಓಣಿ ಬೆರಗಾಯಿತು. ಎಷ್ಟೋ ವರ್ಷಗಳಿಂದ ಊರ ಮಾಳಿಗೆಗಳನ್ನೆಲ್ಲ ಹತ್ತಿದ ಕಾಕಾ ತಮ್ಮ ಮಾಳಿಗೆಗೆ ಒಬ್ಬರನ್ನೂ ಹತ್ತಗೊಟ್ಟಿರಲಿಲ್ಲ. ಕೇಳಿದರೆ, "ನಮ್ಮದೇನ ಅವಸರ ಇಲ್ಲ," ಎನ್ನುವರು. ಇನ್ನೊಬ್ಬರಿಂದ ಕೆಲಸ ಮಾಡಿಸಿಕೊಳ್ಳುವುದೆಂದರೆ ಅವರಿಗೆ ಮೈಮೇಲೆ ಮುಳ್ಳು. ಹೊತ್ತು ಮೂಡುವ ಮುಂಚೆ ಗಂಡಹೆಂಡತಿ ಇಬ್ಬರೇ ಕದ್ದವರಂತೆ ಮಣ್ಣು ಹಾಕಿಕೊಳ್ಳುತ್ತಿದ್ದರು. "ಊರಿಗೆಲ್ಲಾ ಒಂದೊಂದ ಬುಟ್ಟಿ ಹೊರಸ್ತಾರ, ತಮ್ಮ ಮನ್ಯಾಗ ಎಲ್ಲಾ ಬುಟ್ಟಿ ನನ್ನ ತಲಿ ಮ್ಯಾಲ," ಎಂದು ಕಾಕು, ಅಂದರೆ ಕಾಕಾರ ಹೆಂಡತಿ, ನಮ್ಮವ್ವನ ಮುಂದೆ ದೂರುತ್ತಿದ್ದರು.

ಕಾಕಾ ಹೆಂಡತಿಗೆ ಸುದ್ದಿ ಹೇಳಿದ ಹೊತ್ತಿಗೆ ನಾನು ಅವರ ಪಡಸಾಲೆಯಲ್ಲೇ ಕೂತಿದ್ದೆ. ಕಾಕುವಿನ ಮುಖ ಅರಳಿದ್ದನ್ನು ನೋಡಬೇಕಿತ್ತು. ಕಟಕೋಳದ ದೊಡ್ಡ ಮನೆತನದ ಮಗಳು, ನಾಲ್ಕು ಮಂದಿಗೆ ಉಣ್ಣಿಸುವುದೆಂದರೆ ಜೀವ. "ಹಂಗಾರ ಕಡ್ಲಿಬ್ಯಾಳಿ ಎಷ್ಟ ಸೇರ ನೆನಿ ಹಾಕ್ಲಿ?"

"ಬ್ಯಾಡ. ನುಚ್ಚು ಮಾಡು. ನುಚ್ಚು, ಮಜ್ಜಿಗಿ, ಉಳ್ಳಾಗಡ್ಡಿ."

ಕಾಕು ಒಳಗೆ ಹೋದರು. ಪಾತ್ರೆಗಳು ಒಂದಕ್ಕೊಂದು ಬಡಿದ ಸದ್ದಾಯಿತು. ಮತ್ತೆ ಹೊರಗೆ ಬಂದು ನಿಂತರು. "ನಮ್ಮ ತವರಮನ್ಯಾಗ ಕಟಗಿ ಒಡ್ಯಾಕ ಬಂದಾಂವನೂ ಸೀ ಉಣ್ಣದ ಹೋಗಿಲ್ಲ. ಓಣಿ ಮಂದಿ ಮೊದಲನೇ ಸಲ ನನ್ನ ಮನ್ಯಾಗ ಉಣ್ಣಾಕ ಬರತೈತಿ, ನುಚ್ಚು ಬಡಸ್ಲ್ಯಾ?"

ಕಾಕಾ ತಲೆ ತಗ್ಗಿಸಿ ಕೌದಿ ಅಕ್ಕನ ಮನೆಯ ಸಂಗತಿಯನ್ನೆಲ್ಲ ಹೇಳಿದರು. ಸೀರೆಗಳು, ತಪೇಲಿ, ಆಡುತ್ತಿದ್ದ ಹುಡುಗೂರು. ಕಾಕು ಒಳಗಿನಿಂದ ಜೋಳದ ನುಚ್ಚಿನ ಡಬ್ಬಿ ತಂದು ಮುಂದಿಟ್ಟುಕೊಂಡರು.

"ಇದನ್ನ ಮೊದಲ ಹೇಳೂದಲ್ಲ?" ಎಂದರು. ಆಮೇಲೆ, "ಮಜ್ಜಿಗಿಗೆ ಒಗ್ಗರಣಿರೆ ಕೊಡ್ಲೋ ಬ್ಯಾಡೋ?"

"ಆಕಿ ಮನ್ಯಾಗ ಅವತ್ತ ಎಣ್ಣಿ ಇರತೈತೋ ಇಲ್ಲೋ."

"ಹಂಗಾರ ಬ್ಯಾಡ."

ಇದು ನಾನು ನನ್ನ ಜೀವನದಲ್ಲಿ ಕೇಳಿದ ಅತ್ಯಂತ ದೊಡ್ಡ ಮನಸ್ಸಿನ ಮಾತುಗಳಲ್ಲೊಂದು. ಕೌದಿ ಅಕ್ಕ ಮಜ್ಜಿಗೆ ಎಲ್ಲಿಂದ ತಂದಾಳೆಂಬ ಚಿಂತೆ ಅವರಿಗಿರಲಿಲ್ಲ. ನಮ್ಮ ಕಡೆ ಮಜ್ಜಿಗೆಯನ್ನು ಯಾರೂ ಮಾರುವುದಿಲ್ಲ, ಯಾವ ಮನೆಯಲ್ಲಿ ಕೇಳಿದರೂ ಚರಿಗೆ ತುಂಬ ಕೊಡುತ್ತಾರೆ, ಕೇಳಿದವರು ಅದರಿಂದ ಸಣ್ಣವರಾಗುವುದಿಲ್ಲ.

ಸೋಮವಾರ ಬಂತು. ಎಲ್ಲರ ತಲೆಗೂ ಬುಟ್ಟಿ ಏರಿಸುತ್ತಿದ್ದವರ ತಲೆಗೆ ಏರಿಸಲು ಯಾರಿಗೂ ಧೈರ್ಯ ಬರಲಿಲ್ಲ. "ಏರಸ್ರಿ ಸಾಹೇಬ್ರ," ಎಂದು ಅವರೇ ನನ್ನ ಮುಂದೆ ಬಗ್ಗಿ ನಿಂತರು. ದಿನಕ್ಕೆ ನೂರು ಬುಟ್ಟಿ ಹೊತ್ತ ಮನುಷ್ಯ, ಏಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತುಬಿಟ್ಟರು. ನಾನು ಕೆಳಗಿನಿಂದ ಆಸರೆ ಕೊಟ್ಟೆ. "ಮಂದಿ ಕಡೆ ಮಾಡಿಸ್ಕೊಳ್ಳೂದು ಭಾಳ ಭಾರ ಐತಿ ತಮ್ಮಾ," ಎಂದರು ಮೆಲ್ಲಗೆ. ಅವರು ನನ್ನನ್ನು ತಮ್ಮಾ ಎಂದದ್ದು ಅದೇ ಮೊದಲು.

ಮಧ್ಯಾಹ್ನ ಗಂಗಾಳದಲ್ಲಿ ನುಚ್ಚು ಬಿತ್ತು. ಅಡತಿಯವರು ಆ ಕಡೆ ಈ ಕಡೆ ನೋಡಿ, "ಕಾಕಾ, ಸೀ ಹಿಂದಿಂದ ಬರತೈತೇನ್ರಿ?" ಎಂದರು.

"ಇಲ್ರಿ. ನುಚ್ಚ ಐತಿ. ಬೇಕಾದ್ರ ಇನ್ನೊಂದೀಟ ಹಾಕಸ್ಕೋರಿ," ಎಂದರು ಕಾಕಾ. ಮಾತು ನೆಟ್ಟಗಿತ್ತು, ಕಿವಿ ಕೆಂಪಾಗಿದ್ದವು. ಕಾಕು ಸೆರಗು ಮುಂದೆ ಎಳೆದುಕೊಂಡು ಯಾರ ಮುಖವನ್ನೂ ನೋಡದೆ ಬಡಿಸುತ್ತ ಹೋದರು. ನೀರು ಹೊರಲು ಬಂದಿದ್ದ ಹೆಂಗಸರ ಪಂಕ್ತಿಯಲ್ಲಿ ಕೌದಿ ಅಕ್ಕನೂ ಕೂತಿದ್ದಳು. ಆಕೆ ಒಬ್ಬೊಬ್ಬರ ಗಂಗಾಳವನ್ನೂ ನೋಡಿದಳು, ಕಾಕುವಿನ ಮುಖವನ್ನೂ ನೋಡಿದಳು. ಆಮೇಲೆ ಎರಡು ಸಲ ನುಚ್ಚು ಹಾಕಿಸಿಕೊಂಡು ಉಂಡಳು.

ಸಂಜೆ ಕಾಕಾ ಕೈಕಾಲು ತೊಳೆಯುತ್ತಿದ್ದಾಗ ಆಕೆ ಬಂದಳು. "ಬರೂ ಸೋಮವಾರ ಯಾರ ಪಾಳಿ ಐತ್ರಿ ಕಾಕಾ?"

"ಯಾರದೂ ಇಲ್ಲವ್ವಾ."

"ಹಂಗಾರ ನಮ್ಮದ ಹಿಡೀರಿ. ಒಂದ ಚೂರ ಸೋರತೈತಿ."

ಕಾಕಾ ನಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲು ತೆಗೆದು ಗಂಭೀರವಾಗಿ ಬರೆದುಕೊಂಡರು.

ಅಂದಿನಿಂದ ನಮ್ಮ ಓಣಿಯಲ್ಲಿ ಮಾಳಿಗೆ ಊಟವೆಂದರೆ ನುಚ್ಚು, ಮಜ್ಜಿಗೆ. ಅಡತಿಯವರು ಕೂಡ ಮರುವರ್ಷ ಅದನ್ನೇ ಹಾಕಿದರು. ಆಮೇಲೆ ಒಂದೊಂದಾಗಿ ಸ್ಲ್ಯಾಬು ಎದ್ದವು, ಕಾಕಾ ನಿವೃತ್ತರಾದರು, ಸೋಮವಾರಗಳು ಖಾಲಿಯಾದವು. ನಾನೂ ಸ್ಲ್ಯಾಬು ಹಾಕಿಸಿದೆ. ಅದು ಸೋರುವುದಿಲ್ಲ ನಿಜ. ಆದರೆ ನನ್ನ ಮನೆಯ ಮೇಲೆ ಹದಿನೈದು ಮಂದಿ ನಿಂತು ನನ್ನನ್ನು ಚೇಷ್ಟೆ ಮಾಡಿದ ಹಾಗೆ ಮತ್ತೆಂದೂ ಆಗಲಿಲ್ಲ, ಅದರ ದುಃಖ ನನಗಿದೆ.

ಕೌದಿ ಅಕ್ಕನ ಮನೆಯ ಸೋಮವಾರವನ್ನು ಹೇಳಿ ಮುಗಿಸುತ್ತೇನೆ. ಮೊದಲ ಬುಟ್ಟಿಯನ್ನು ಆಕೆಯೇ ಹೊತ್ತಳು, ದೊಡ್ಡ ಮಗಳು ಏಣಿ ಹಿಡಿದಿದ್ದಳು. ಮಧ್ಯಾಹ್ನದ ಹೊತ್ತಿಗೆ ಮಣ್ಣು ಹರವಿ ಮುಗಿದು, ನಾವೆಲ್ಲ ಸಾಲಾಗಿ ತುಳಿಯುತ್ತಿದ್ದೆವು. ಕಾಕಾ ಮರದ ಕೊಡತಿಯಿಂದ ಅಂಚು ಬಡಿಯುತ್ತಿದ್ದರು. ಆಗ ಆಕೆ ಕೆಳಗೆ ಬಾಗಿಲಿಗೆ ಬಂದು, ಬಾಗಿಲಿಗಷ್ಟೇ ಕೇಳುವ ದನಿಯಲ್ಲಿ, "ಊಟಕ್ಕ ಏಳ್ರಿ," ಎಂದಳು.

ನಾನು ಏಣಿಯ ಕಡೆ ತಿರುಗಿದೆ. ಕಾಕಾ ನನ್ನ ಮುಂಗೈ ಹಿಡಿದರು.

"ಕಾಕಾ, ಕರ್ಯಾಕತ್ತಾಳ್ರಿ."

"ನನಗ ಕೇಳ್ಸಿಲ್ಲ. ತುಳಿ."

ತುಂಬಿದ ಬಸ್ಸಿನ ಹಿಂದಿನ ಸೀಟಿನಲ್ಲಿ ಚಿಲ್ಲರೆ ಬಿದ್ದರೆ ಮುಂದಿನಿಂದಲೇ ಯಾರದೆಂದು ಹೇಳುತ್ತಿದ್ದ ಕಿವಿ ಅದು. ನಾವು ತುಳಿದೆವು. ಆಕೆ ಅಂಗಳಕ್ಕೆ ಬಂದು ಇನ್ನೊಮ್ಮೆ ಕರೆದಳು, ಸ್ವಲ್ಪ ಜೋರಾಗಿ. ಕಾಕಾ ಕೊಡತಿಯನ್ನು ಇನ್ನಷ್ಟು ಜೋರಾಗಿ ಬಡಿದರು. ಆಗ ಆಕೆ ಓಣಿಯ ನಡುದಾರಿಗೆ ಬಂದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಮುಖ ಮೇಲೆ ಮಾಡಿ ಕೂಗಿದಳು. ಎರಡೂ ಸಾಲಿನ ಮನೆಗಳಿಂದ ಹೆಂಗಸರು ಬಾಗಿಲಿಗೆ ಬಂದರು. "ಕಾಕಾ, ಸಾಹೇಬ್ರ, ಅಡತಿಯವರ, ಎಲ್ಲಾರೂ ಇಳೀರಿ. ನಮ್ಮ ಮನ್ಯಾಗ ಊಟಕ್ಕ ತಯಾರ ಐತಿ."

ಕಾಕಾ ಕೊಡತಿ ಕೆಳಗಿಟ್ಟರು. "ಈಗ ಕೇಳಸ್ತು ನೋಡು," ಎಂದು ಎಲ್ಲರಿಗಿಂತ ಮೊದಲು ಏಣಿ ಇಳಿದರು.